ಕೋಡಿ ಬೀಳೋದು ಅಂದ್ರೆ ಏನಮ್ಮ?

ನಮ್ಮ ಕಡೆಯ ನದಿ, ಕೆರೆಗಳ ಬಗ್ಗೆ ಮಕ್ಕಳಿಗೆ ಹೇಗೆ ಹೇಳಿಕೊಡುತ್ತೀರಿ ಅಂತ ಕೇಳಿದ್ದೀರಲ್ಲ, ನಮ್ಮ ಮನೆ ಕಥೆ ಹೇಳುತ್ತೇನೆ. ನಾವಿರುವುದು ಡಬ್ಲಿನ್‌ನಲ್ಲಿ. ಇಲ್ಲಿ ಮಳೆ ಬಂದರೆ ಮಗಳಿಗೆ ಬೇಜಾರು. ಚಿತ್ರದುರ್ಗದಲ್ಲಿ ಮಳೆ ಬಂದರೆ ನಮ್ಮಮ್ಮ ಫೋನ್ ಮಾಡಿ ಹೇಳುತ್ತಾರೆ! ಮೊದಲು ಮ್ಯಾಪ್ ತೋರಿಸಿದೆ. ಕೃಷ್ಣಾ, ತುಂಗಭದ್ರಾ, ವೇದಾವತಿ ಅಂತ ಬಾಯಿಪಾಠ ಮಾಡಿದಳು. ಮುಂದಿನ ವಾರಕ್ಕೆ ಮರೆತಳು.

ಹೋದ ರಜೆಯಲ್ಲಿ ಕೋಟೆ ಹತ್ತಿದೆವು. ಒನಕೆ ಓಬವ್ವನ ಕಿಂಡಿ ಮುಂದೆ ನಿಂತು ಕಥೆ ಹೇಳಿದೆ. ಊಟಕ್ಕೆ ಕೂತ ಗಂಡನಿಗೆ ಅಂತ ತಣ್ಣೀರು ದೋಣಿಗೆ ನೀರು ತರೋಕೆ ಹೋದವಳು ಅಲ್ವಾ ಓಬವ್ವ? ಮಗಳು ಒನಕೆ ವಿಷಯ ಬಿಟ್ಟು, "ಈ ಬಂಡೆ ಮೇಲೆ ನೀರು ಎಲ್ಲಿಂದ ಬಂತು?" ಅಂದಳು. ಸರಿ, ಹೊಂಡಗಳ ಕಡೆ ನಡೆದೆವು. ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಆಮೇಲೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಪೇಟೆಯ ಸಂತೆ ಹೊಂಡಕ್ಕೆ. ಅವಳು ತನ್ನ ಬಾಟಲಿ ನೀರನ್ನು ಬಂಡೆ ಮೇಲೆ ಸುರಿದು, ಅದು ಯಾವ ಕಡೆ ಹರಿಯುತ್ತೆ ಅಂತ ಹಿಂದೆಯೇ ಓಡಿದಳು. ಮ್ಯಾಪ್ ಪಾಠ ಅಲ್ಲಿಗೆ ಮುಗಿಯಿತು.

ಮರುದಿನ ಹಿರಿಯೂರು ದಾಟಿ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿ ವಿಲಾಸ ಸಾಗರ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷ ಆದಮೇಲೆ. "ಕೋಡಿ ಬೀಳೋದು ಅಂದ್ರೆ ಏನಮ್ಮ?" ತುಂಬಿ ಹೊರಗೆ ಹರಿಯೋದು ಅಂದೆ. ಅವಳ ಮುಖ ಸಪ್ಪಗಾಯಿತು. ಅವಳಿಗೆ ಅದು ಪ್ರವಾಹದ ಸುದ್ದಿ, ಶಾಲೆಗೆ ರಜೆ ಕೊಡುವ ಸುದ್ದಿ. ಜನ ಬಸ್ಸು ಹತ್ತಿ ನೋಡೋಕೆ ಬಂದರು, ಬಾಗಿನ ಬಿಟ್ಟರು ಅಂತ ವಿವರಿಸಬೇಕಾಯಿತು. ನಮ್ಮಜ್ಜಿ ಹುಟ್ಟಿದ್ದೇ 1933ರ ಆಮೇಲೆ. ಕೋಡಿ ನೋಡದೆಯೇ ಹೋದರು. ಅದನ್ನು ಹೇಳಿದಾಗ ಮಗಳು ಸುಮ್ಮನಾದಳು.

ಹಾಗಾಗಿ ನನ್ನ ಸಲಹೆ ಇಷ್ಟೇ. ಅಜ್ಜಿ ಮನೆ ನಲ್ಲಿಯಿಂದ ಶುರು ಮಾಡಿ. ದಾವಣಗೆರೆಯವರಾದರೆ ಭದ್ರಾ ನಾಲೆ ಹಿಡಿದು ಲಕ್ಕವಳ್ಳಿಯ ಅಣೆಕಟ್ಟಿನವರೆಗೆ ಹೋಗಬಹುದು. ನಮ್ಮ ದುರ್ಗಕ್ಕೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದಲೂ ನೀರು ಬರುತ್ತೆ. ಎಂಟು ವರ್ಷದವಳಿಗೆ ಆ ಹೆಸರು ಬಿಡಿಸಿ ಹೇಳುವ ಧೈರ್ಯ ಆಗಲಿಲ್ಲ. ಶಾಂತಿಸಾಗರ ಅನ್ನೋ ಅದರ ಇನ್ನೊಂದು ಹೆಸರು ಹೇಳಿ ಜಾರಿಕೊಂಡೆ.

ಈಗ ವಿಡಿಯೋ ಕಾಲ್‌ನಲ್ಲಿ ಅವಳ ಮೊದಲ ಪ್ರಶ್ನೆ, "ಅಜ್ಜಿ, ಇವತ್ತು ನೀರು ಬಿಟ್ರಾ?"