ಸಹಾಯ ಬೇಕು: ಜನವರಿಯಲ್ಲಿ ಅಮ್ಮನ ಜೊತೆ ಕಾಂಚನಬುರಿ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಥಾಯ್ಲೆಂಡ್‌ನ ಕಾಂಚನಬುರಿಗೆ ಹೋಗುವ ಯೋಚನೆ ಇದೆ. ಆಗ ಮಳೆ ಕಾಟ ಇರುವುದಿಲ್ಲ, ಸೆಕೆಯೂ ಕಡಿಮೆ ಅಲ್ವಾ?

ಬ್ಯಾಂಕಾಕ್‌ನ ಥೊನ್‌ಬುರಿ ಸ್ಟೇಷನ್‌ನಿಂದ ಬೆಳಗಿನ ರೈಲು ಹಿಡಿಯುತ್ತೇವೆ. ಅದು ಕ್ವಾಯ್ ನದಿಯ ಸೇತುವೆ ದಾಟಿ, ಥಾಮ್ ಕ್ರಾಸೆಯಲ್ಲಿ ಬಂಡೆಗೆ ಒತ್ತಿ ಕಟ್ಟಿದ ಮರದ ಸೇತುವೆ ಮೇಲೆ ನಿಧಾನಕ್ಕೆ ಸಾಗುತ್ತದೆ. ನದಿ ಚೆನ್ನಾಗಿ ಕಾಣಬೇಕಾದರೆ ಯಾವ ಕಡೆ ಕೂರಬೇಕು?

ಇನ್ನೊಂದು ವಿಷಯ. 1942-43ರಲ್ಲಿ ಜಪಾನಿ ಸೇನೆ ಈ ರೈಲು ದಾರಿ ಹಾಕಿಸಿತು. ಆ ಕೆಲಸದಲ್ಲಿ ಸತ್ತ ಯುದ್ಧಕೈದಿಗಳ ಸ್ಮಶಾನ ಊರೊಳಗೇ ಇದೆ, ಅದನ್ನು ಎಲ್ಲರೂ ತೋರಿಸುತ್ತಾರೆ. ಆದರೆ ಮಲಯದ (ಈಗಿನ ಮಲೇಷ್ಯಾದ) ರಬ್ಬರ್ ತೋಟಗಳಿಂದ ತಂದ ತಮಿಳು ಕೂಲಿಗಳೂ ಸಾವಿರಗಟ್ಟಲೆ ಸತ್ತರು. ಅವರ ನೆನಪಿನ ಜಾಗಕ್ಕೆ ಯಾರಾದರೂ ಹೋಗಿದ್ದೀರಾ? ನನಗೆ ಸೇತುವೆಗಿಂತ ಅದನ್ನು ನೋಡುವ ಆಸೆ ಜಾಸ್ತಿ.

ಎರವಾನ್ ಜಲಪಾತಕ್ಕೆ ಏಳು ಹಂತ. ಅಮ್ಮನಿಗೆ ಮಂಡಿನೋವು. ಎಷ್ಟನೇ ಹಂತದವರೆಗೆ ಆರಾಮಾಗಿ ನಡೆಯಬಹುದು?

ನದಿ ಮೇಲಿನ ತೇಲುವ ಕೋಣೆ ವಯಸ್ಸಾದವರಿಗೆ ಸರಿಯೋ, ದಡದ ಹೋಟೆಲೇ ವಾಸಿಯೋ? ರಾತ್ರಿ ಸ್ವೆಟರ್ ಬೇಕಾಗುತ್ತದಾ?

ಅಮ್ಮ ಪಕ್ಕಾ ಸಸ್ಯಾಹಾರಿ. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. 'ಜೇ' (ಮಾಂಸ, ಮೀನು ಏನೂ ಇಲ್ಲದ ಊಟಕ್ಕೆ ಥಾಯ್ ಮಾತು) ಅಂತ ಹೇಳಿದರೆ ಸಾಕಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.