ಸಹಾಯ ಬೇಕು: ವೀರಗಲ್ಲಿನ ಬರಹ ಓದಬಲ್ಲವರು ಇದ್ದೀರಾ?

ನಮ್ಮೂರ ಕೆರೆ ಏರಿಯ ಮೇಲೆ ಎದೆಯೆತ್ತರದ ವೀರಗಲ್ಲೊಂದು ವಾಲಿ ನಿಂತಿದೆ. ಕೆಳಗೆ ಕತ್ತಿ ಹಿರಿದ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತವನೂ ಅವನೇ. ನಡುಪಟ್ಟಿಯ ಬರಹವನ್ನು ವರ್ಷವರ್ಷ ಬಳಿದ ಸುಣ್ಣ ನುಂಗಿದೆ. ಸವರಿದರೆ ಕೆಲವು ಅಕ್ಷರಗಳು ಬೆರಳಿಗೆ ತಗಲುತ್ತವೆ. ಆಸಿಡ್ ಸುರಿದು ತೊಳೆಯಲು ಹೊರಟವರನ್ನು ಹೇಗೋ ತಡೆದಿದ್ದೇನೆ. ಬೆಂಗಳೂರಿನ ಹೆಸರು ಸಿಕ್ಕಿದ್ದೂ ಬೇಗೂರಿನ ಇಂಥದ್ದೇ ಕಲ್ಲಿನಲ್ಲಿ, ಸುಮಾರು ಕ್ರಿ.ಶ. 900ರದ್ದು. ನಮ್ಮ ಕಲ್ಲಿನಲ್ಲಿ ನಮ್ಮೂರಿನ ಹೆಸರು ಏಕಿರಬಾರದು?

ಏರಿ ಅಗಲಿಸಲು ಮುಂದಿನ ತಿಂಗಳು ಜೆಸಿಬಿ ಬರಲಿದೆ. ಸುಣ್ಣ ಬಿಡಿಸುವ ಬಗೆ ಬಲ್ಲವರು, ಶಾಸನದ ಅಚ್ಚು ತೆಗೆದು ಓದಬಲ್ಲವರು ಅಷ್ಟರೊಳಗೆ ಒಮ್ಮೆ ಬರಬಹುದೇ? ಊಟ, ವಸತಿ ನಮ್ಮ ಮನೆಯಲ್ಲೇ. ಫೋಟೋ ಬೇಕಿದ್ದರೆ ಬೆಳಗಿನ ಓರೆಬಿಸಿಲಿನಲ್ಲಿ ತೆಗೆದು ಹಾಕುತ್ತೇನೆ.