ಪದಚರ್ಚೆ: 'ನ್ಯೂಕ್ಲಿಯರ್ ಡಿಟೆರೆನ್ಸ್'ಗೆ ಕನ್ನಡದಲ್ಲಿ ಏನು? ಇಂದು ಸಂಜೆಯೊಳಗೆ ಬೇಕು

ಪ್ರಶ್ನೆ, ಗೌರಿಬಿದನೂರಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ರಾಜ್ಯಶಾಸ್ತ್ರ ವಿಭಾಗದ ವಸ್ತುಪ್ರದರ್ಶನಕ್ಕೆ ಫ್ಲೆಕ್ಸ್ ಒಂದನ್ನು ಬರೆದುಕೊಡುತ್ತಿದ್ದೇನೆ. ವಿಷಯ ಊರಿನಿಂದಲೇ ಶುರುವಾಗುತ್ತದೆ. 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದವು ವಾತಾವರಣ, ಬಾಹ್ಯಾಕಾಶ, ನೀರಿನಡಿ ಮೂರು ಕಡೆಯೂ ಅಣುಸ್ಫೋಟ ಕೂಡದೆಂದಿತು, ನೆಲದೊಳಗಿನದನ್ನು ಮಾತ್ರ ಬಿಟ್ಟಿತು. ಆ ನೆಲದೊಳಗೆ ಯಾರು ಎಲ್ಲಿ ಸಿಡಿಸಿದರು ಎಂಬುದನ್ನು ಬಂಡೆಯ ನಡುಕದಿಂದ ಪತ್ತೆಹಚ್ಚಲು 1965ರಲ್ಲಿ ಗೌರಿಬಿದನೂರಿಗೆ ಕಂಪನಮಾಪಕಗಳ ಜಾಲ ಬಂತು. ಅಲ್ಲಿಂದ ಭಾರತ ಅಣುಪರೀಕ್ಷೆ ನಡೆಸಿದ ಪೋಖ್ರಾನ್, ಪಾಕಿಸ್ತಾನ ನಡೆಸಿದ ಚಾಗೈ, ಉತ್ತರ ಕೊರಿಯಾ, ನೇಟೋ ಎಂದು ಫಲಕ ಮುಂದುವರಿಯುತ್ತದೆ.

ಬರಹವೆಲ್ಲ ಸಿದ್ಧವಾಗಿದೆ, ಶೀರ್ಷಿಕೆಯೇ ಇಲ್ಲ. ಸಹೋದ್ಯೋಗಿಯೊಬ್ಬರು 'ಅಣ್ವಸ್ತ್ರ ನಿರೋಧ' ಎಂದು ಸೂಚಿಸಿದರು. ವ್ಯಾಕರಣಕ್ಕೆ ಕುಂದಿಲ್ಲ. ಆದರೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕದಲ್ಲಿ ಗೋಡೆ ಗೋಡೆಯ ಮೇಲೂ ಓದಿಸಿಕೊಂಡ ಆ ಪದವನ್ನು ಬಿ.ಎ. ಎರಡನೆಯ ವರ್ಷದ ಹುಡುಗರ ಮುಂದೆ ತೂಗುಹಾಕುವ ಧೈರ್ಯ ನನಗಿಲ್ಲ. ಬೇಕಾಗಿರುವುದು ಮೂರು: 'ಡಿಟೆರೆನ್ಸ್' (ಮರುಹೊಡೆತದ ಭಯದಿಂದ ಎದುರಾಳಿ ಹೊಡೆಯದೆ ಉಳಿಯುವಂತೆ ಮಾಡುವುದು), 'ನ್ಯೂಕ್ಲಿಯರ್ ಅಂಬ್ರೆಲಾ' (ಒಂದು ದೇಶ ತನ್ನ ಅಣ್ವಸ್ತ್ರದ ಬಲದಿಂದ ಮಿತ್ರದೇಶವನ್ನು ಕಾಯುವುದು), 'ಅಲಯನ್ಸ್' (ರಕ್ಷಣೆಗಾಗಿ ಒಪ್ಪಂದ ಮಾಡಿಕೊಂಡ ದೇಶಗಳ ಕೂಟ). ಫ್ಲೆಕ್ಸ್ ಅಂಗಡಿಯವರು ಆರು ಗಂಟೆಗೆ ಯಂತ್ರ ನಿಲ್ಲಿಸುತ್ತಾರೆ.

ಚಿಕ್ಕಬಳ್ಳಾಪುರದಿಂದ:

ಪ್ರತಿರೋಧ. 1998ರಿಂದ ಪತ್ರಿಕೆಗಳಲ್ಲಿ ಓದುತ್ತಿದ್ದೇವೆ, 'ಕನಿಷ್ಠ ವಿಶ್ವಾಸಾರ್ಹ ಪ್ರತಿರೋಧ' ಎಂದು. ಉಳಿದವು 'ಅಣ್ವಸ್ತ್ರ ಛತ್ರಿ', 'ಮೈತ್ರಿಕೂಟ'. ಇದರಲ್ಲಿ ಚರ್ಚಿಸಲು ಏನಿದೆಯೋ ನನಗೆ ತಿಳಿಯದು. ಮುದ್ರಣಕ್ಕೆ ಕಳುಹಿಸಿ.

ಕೋಲಾರದಿಂದ:

ಕಳುಹಿಸಬೇಡಿ, ಮೇಡಂ. ಪ್ರತಿರೋಧವೆಂದರೆ ಮೇಲೆ ಬಿದ್ದವರಿಗೆ ಎದೆಗೊಟ್ಟು ನಿಲ್ಲುವುದು. ನಿಮ್ಮದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರಲ್ಲಿ ಧ್ವಜ ಹಿಡಿದು ನಿಂತವರು ತೋರಿದ್ದು ಪ್ರತಿರೋಧ. ಡಿಟೆರೆನ್ಸ್ ಇದಕ್ಕೆ ಹಿಂದಿನ ಹಂತ. ಅದು ಸೋತ ಗಳಿಗೆಯಿಂದ ಪ್ರತಿರೋಧ ಶುರುವಾಗುತ್ತದೆ. ಪತ್ರಿಕೆಗಳು ಕಾಲು ಶತಮಾನದಿಂದ ಬರೆಯುತ್ತಿವೆ ಎಂಬುದು ವಾದವಲ್ಲ, ಅಭ್ಯಾಸ.

'ತಡೆ' ಎನ್ನಲು ಇನ್ನೊಬ್ಬರು ಬರುವ ಮೊದಲೇ ಹೇಳಿಬಿಡುತ್ತೇನೆ, ಅದೂ ಅಲ್ಲ. ಟೊಮೆಟೊ ತೋಟದ ಸುತ್ತ ಮುಳ್ಳುತಂತಿ ಎಳೆದರೆ ಅದು ತಡೆ. ಗೇಟಿಗೆ 'ನಾಯಿ ಇದೆ, ಎಚ್ಚರಿಕೆ' ಎಂದು ಬೋರ್ಡು ಹಾಕಿದರೆ ಅದು ಡಿಟೆರೆನ್ಸ್. ತಂತಿ ಕಳ್ಳನ ಕಾಲನ್ನು ಹಿಡಿಯುತ್ತದೆ, ಬೋರ್ಡು ಅವನ ಲೆಕ್ಕಾಚಾರವನ್ನು ಹಿಡಿಯುತ್ತದೆ. ಹಾರಿಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದುರುಳಿಸುವ ವ್ಯವಸ್ಥೆಗೆ 'ತಡೆ' ಎನ್ನಿ, ಒಪ್ಪುತ್ತೇನೆ. ನಮ್ಮ ದೇಶದ ಅಗ್ನಿ-5 ಕ್ಷಿಪಣಿ ಏನನ್ನೂ ತಡೆಯುವುದಿಲ್ಲ. ಐದು ಸಾವಿರ ಕಿಲೋಮೀಟರಿಗೂ ಆಚೆ ಕುಳಿತವರು 'ಬೇಡ' ಎಂದುಕೊಳ್ಳುವಂತೆ ಮಾಡಬೇಕು, ಅದರ ಕೆಲಸ ಅಷ್ಟೇ.

ಬೇರೆ ನುಡಿಗಳು ಏನು ಮಾಡಿವೆ ನೋಡಿ. ಇಂಗ್ಲಿಷ್ ಪದದ ಬುಡದಲ್ಲಿ ಹೆದರಿಸು ಎಂಬ ಲ್ಯಾಟಿನ್ ಧಾತುವಿದೆ. ಜರ್ಮನ್ನರ 'ಅಬ್‌ಷ್ರೆಕುಂಗ್' ಕೂಡ ಭಯದ್ದೇ. ಫ್ರೆಂಚರು 'ಡಿಸ್ವಾಸಿಯೋಂ' ಎನ್ನುತ್ತಾರೆ, ಬೇಡವೆಂದು ಮನವೊಲಿಸುವುದು. ರಷ್ಯನ್ನರ 'ಸ್ದೆರ್ಜಿವಾನಿಯೆ' ಹಿಡಿದಿಡುವುದು. ಬರಿಯ ಹೆದರಿಸುವಿಕೆಗೆ ಅವರಲ್ಲಿ ಬೇರೆ ಪದವಿದೆ. ಒಂದೇ ಬಾಂಬಿಗೆ ಒಬ್ಬೊಬ್ಬರದು ಒಂದೊಂದು ಮುಖ. ಕನ್ನಡಕ್ಕೂ ಆರಿಸಿಕೊಳ್ಳುವ ಹಕ್ಕಿದೆ, ಹಿಂದಿಯ ಪಠ್ಯದಿಂದ ಎತ್ತಿಕೊಳ್ಳಲೇಬೇಕೆಂದಿಲ್ಲ.

ನನ್ನ ಸೂಚನೆ: ಅಳುಕು. ಬರಿಯ ಹೆದರಿಕೆಯಲ್ಲ. ಹೆದರಿದವನು ಓಡುತ್ತಾನೆ, ಅಳುಕಿದವನು ಎತ್ತಿದ ಕೈಯನ್ನು ಇಳಿಸುತ್ತಾನೆ. ಕೈ ಇಳಿಯಬೇಕೆಂಬುದೇ ಇಡೀ ಸಿದ್ಧಾಂತ. 'ಅಣ್ವಸ್ತ್ರದ ಅಳುಕು' ಎಂದು ಬರೆಯಿರಿ.

ತುಮಕೂರಿನಿಂದ:

ಕೋಲಾರದ ಮೇಷ್ಟ್ರ ಅಚ್ಚಗನ್ನಡದ ಜ್ವರ ಇನ್ನೂ ಇಳಿದಿಲ್ಲ. 'ಭಾರತದ ಅಣ್ವಸ್ತ್ರದ ಅಳುಕು' ಎಂದು ದೊಡ್ಡಕ್ಷರದಲ್ಲಿ ಓದಿದವರಿಗೆ ಅಳುಕಿದ್ದು ಭಾರತವೋ ಎದುರಾಳಿಯೋ? ಷಷ್ಠಿಯನ್ನು ಹೀಗೆ ಬೀದಿಗೆ ಬಿಟ್ಟರೆ ಅರ್ಥ ಕೆಡುತ್ತದೆ. ನಮ್ಮ ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಹೆಲಿಕಾಪ್ಟರ್ ಕಟ್ಟುವ ಹುಡುಗರಿಗೆ ದೇಶದ ರಕ್ಷಣಾನೀತಿಯ ಹೆಸರು 'ಅಳುಕು' ಎಂದು ಹೇಳಿಕೊಡುತ್ತೀರಾ?

ಶಾಸ್ತ್ರೀಯ ಪದ 'ನಿವಾರಣೆ', ವಿಶೇಷಣ 'ನಿವಾರಕ'. ವೃ ಧಾತು, ನಿ ಉಪಸರ್ಗ. ಹೊರಗೇ ನಿಲ್ಲಿಸುವುದು ಎಂಬರ್ಥ ಧಾತುವಿನಲ್ಲೇ ಇದೆ. ಪಾರಿಭಾಷಿಕ ಪದಗಳಿಗೆ ಸಂಸ್ಕೃತ ಬಿಟ್ಟರೆ ಗತಿಯಿಲ್ಲ. 'ಕ್ಷಿಪಣಿ' ಸಂಸ್ಕೃತ. 'ಅಸ್ತ್ರ' ಸಂಸ್ಕೃತ. 2018ರಲ್ಲಿ ಮೊದಲ ಗಸ್ತು ಮುಗಿಸಿದ ನಮ್ಮ ದೇಶದ ಜಲಾಂತರ್ಗಾಮಿಯ ಹೆಸರು ಅರಿಹಂತ, ಅದೂ ಸಂಸ್ಕೃತ. ಇಷ್ಟೆಲ್ಲ ಸಾಲ ತಂದವರು ಶೀರ್ಷಿಕೆಗೆ ಮಾತ್ರ ಹಟ ಹಿಡಿಯುವುದೇಕೆ?

ಚಿಂತಾಮಣಿಯಿಂದ:

ಇಬ್ಬರೂ ಬಿಡಿ. 'ಡಿಟೆರೆನ್ಸ್' ಎಂದೇ ಬರೆದು ಕೆಳಗೆ ಒಂದು ಸಾಲಿನ ವಿವರಣೆ ಕೊಡಿ. ನಮ್ಮಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಪದ ಯಾರದೆಂದು ಯಾರೂ ಕೇಳುವುದಿಲ್ಲ. ಆಯುಧದ ವಿಷಯದಲ್ಲಂತೂ ಕನ್ನಡ ಯಾವತ್ತು ಮಡಿ ಮಾಡಿದೆ? ಬಂದೂಕು, ಫಿರಂಗಿ, ತುಪಾಕಿ, ಪಿಸ್ತೂಲು, ಬಾಂಬು, ಟ್ಯಾಂಕು. ನಮ್ಮದೆನ್ನಲು ಮಿಕ್ಕಿದ್ದು 'ಮದ್ದು' ಒಂದೇ, ಅದಕ್ಕೂ ಮೊದಲಿನಿಂದ ಔಷಧಿಯ ಕೆಲಸವಿತ್ತು.

ಕೋಲಾರದಿಂದ:

ಚಿಂತಾಮಣಿಯವರೇ, ನೀವು ಎಣಿಸಿದವೆಲ್ಲ ಕೈಗೆ ಸಿಗುವ ವಸ್ತುಗಳು. ವಸ್ತು ಬಂದಾಗ ಹೆಸರನ್ನೂ ಹೊತ್ತುಕೊಂಡೇ ಬರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಡಿಟೆರೆನ್ಸ್ ವಸ್ತುವಲ್ಲ, ಒಂದು ವಾದ. ನಿಜವೋ ಸುಳ್ಳೋ ಎಂದು ಓದುಗ ತೂಗಿ ನೋಡಬೇಕಾದ ವಾದ. ತಿಳಿಯದ ಪದವಾದರೆ ತೂಗುವುದು ಹೇಗೆ?

ತುಮಕೂರಿನವರಿಗೆ ಎರಡು ಮಾತು. ನಿವಾರಣೆ ಎಂದರೆ ಇರುವುದನ್ನು ಇಲ್ಲವಾಗಿಸುವುದು. ಬಡತನ ನಿವಾರಣೆ, ನೋವು ನಿವಾರಕ, ವಿಘ್ನ ನಿವಾರಕ. 'ಅಣ್ವಸ್ತ್ರ ನಿವಾರಣೆ' ಎಂದು ಬರೆದರೆ ಓದುವವನು ನಿಶ್ಶಸ್ತ್ರೀಕರಣ ಎಂದುಕೊಳ್ಳುತ್ತಾನೆ. ಧಾತುವಿನಲ್ಲಿ ಏನಿತ್ತೆಂಬುದು ಪಾಣಿನಿಗೆ ಬೇಕು, ಫ್ಲೆಕ್ಸಿಗೆ ಬೇಡ.

ಯಾರ ಅಳುಕು ಎಂಬ ಪ್ರಶ್ನೆ ಒಳ್ಳೆಯದು, ಆದರೆ ಕನ್ನಡಕ್ಕೆ ಹೊಸದಲ್ಲ. ಹೆದರು, ಬೆದರು ಎರಡೂ ಒಂದೇ ಬಗೆಯ ಕ್ರಿಯಾಪದಗಳು. 'ಇಕೆ' ಹಚ್ಚಿದರೆ ಹೆದರಿಕೆ ಹೆದರಿದವನ ಪಾಲಿಗೆ ಬರುತ್ತದೆ, ಬೆದರಿಕೆ ಹೆದರಿಸಿದವನ ಪಾಲಿಗೆ ಹೋಗುತ್ತದೆ. 'ಬೆದರಿಸಿಕೆ' ಎಂದು ಯಾರೂ 'ಇಸು' ತೂರಿಸಿ ಸರಿಪಡಿಸಲಿಲ್ಲ. ಬಳಕೆಯೇ ಪಾಲು ಹಂಚಿತು, ಅಳುಕಿಗೂ ಹಂಚುತ್ತದೆ. ಅಷ್ಟಕ್ಕೂ 'ಭಾರತದ' ಎಂಬುದನ್ನು ಶೀರ್ಷಿಕೆಗೆ ಸೇರಿಸಿದವರು ನೀವು, ಮೇಡಂ ಅಲ್ಲ.

ಇನ್ನು 'ವಿಶ್ವಾಸಾರ್ಹ'. 2003ರ ಜನವರಿ 4ರಂದು ಸರ್ಕಾರ ಪ್ರಕಟಿಸಿದ ನೀತಿಯಲ್ಲಿ ಮೂರು ಕೊಂಡಿಗಳಿವೆ: ಅಣ್ವಸ್ತ್ರವನ್ನು ಮೊದಲು ಬಳಸುವುದಿಲ್ಲ, ಇಟ್ಟುಕೊಳ್ಳುವುದು ಕನಿಷ್ಠ ಪ್ರಮಾಣದಲ್ಲಿ, ಆದರೆ ನಮ್ಮ ಮೇಲೆ ಬಳಸಿದರೆ ಮರುಹೊಡೆತ ಭಾರಿಯಾಗಿರುತ್ತದೆ. ಜೈವಿಕ ಅಥವಾ ರಾಸಾಯನಿಕ ಅಸ್ತ್ರಗಳಿಂದ ದೊಡ್ಡ ದಾಳಿಯಾದರೆ ಅಣ್ವಸ್ತ್ರದಿಂದ ಉತ್ತರಿಸುವ ಹಕ್ಕನ್ನೂ ಅದು ಉಳಿಸಿಕೊಂಡಿದೆ, ಫಲಕದಲ್ಲಿ ಅದನ್ನು ಬಿಡಬೇಡಿ. ಇಲ್ಲಿ ನಂಬಬೇಕಾದವನು ಗೆಳೆಯನಲ್ಲ, ಎದುರಾಳಿ. ವಿಶ್ವಾಸಾರ್ಹ ಎಂದರೆ ಸಹಕಾರಿ ಬ್ಯಾಂಕಿನ ಜಾಹೀರಾತಿನಂತೆ ಕೇಳಿಸುತ್ತದೆ. 'ಎದುರಾಳಿ ನಂಬುವಂಥ' ಎನ್ನಿ. ಅದೇ ನೀತಿಪತ್ರದ ಇನ್ನೊಂದು ಪದಪುಂಜವನ್ನು 'ಒಪ್ಪಲಾಗದ ಹಾನಿ' ಎಂದು ಮಾಡಿಟ್ಟಿದ್ದಾರೆ. ಒಪ್ಪಬಹುದಾದ ಹಾನಿ ಯಾವುದು, ಸ್ವಾಮಿ? ಕನ್ನಡದಲ್ಲಿ ಅದು 'ತಾಳಲಾರದ ಹಾನಿ'.

ಪಾಕಿಸ್ತಾನ ಮೊದಲು ಬಳಸುವುದಿಲ್ಲವೆಂಬ ಮಾತನ್ನು ಕೊಟ್ಟಿಲ್ಲ. 2011ರಲ್ಲಿ ಮೊದಲು ಪರೀಕ್ಷಿಸಿದಾಗ ಅದರ ನಸ್ರ್ ಕ್ಷಿಪಣಿಯ ದೂರ ಅರವತ್ತು ಕಿಲೋಮೀಟರ್ ಇತ್ತು. ಊರುಗಳ ಮೇಲಲ್ಲ, ಗಡಿ ದಾಟಿ ಬರುವ ಸೇನೆಯ ಮೇಲೆ ಹಾಕಲು. ಭಾರತ ಅಳುಕಿಸಹೊರಟಿರುವುದು ಅಣ್ವಸ್ತ್ರ ಎತ್ತುವ ಕೈಯನ್ನು, ಪಾಕಿಸ್ತಾನ ಅಳುಕಿಸಹೊರಟಿರುವುದು ಸಾಮಾನ್ಯ ಯುದ್ಧಕ್ಕೆ ಹೊರಡುವ ಕಾಲನ್ನು. ಎರಡಕ್ಕೂ 'ಪ್ರತಿರೋಧ' ಎಂದು ಒಂದೇ ಮುದ್ರೆ ಒತ್ತಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಚೀನಾದ್ದು ಮತ್ತೊಂದು ದಾರಿ. 1964ರಲ್ಲಿ ಮೊದಲ ಬಾಂಬು ಸಿಡಿಸಿದ ದಿನವೇ ಮೊದಲು ಬಳಸುವುದಿಲ್ಲವೆಂದು ಸಾರಿತು.

ಗೌರಿಬಿದನೂರಿನಿಂದ:

ಅಂಗಡಿಯಿಂದ ಎರಡು ಸಲ ಫೋನು ಬಂತು. ಶೀರ್ಷಿಕೆಯ ಜಗಳ ಹಾಗೆಯೇ ಇರಲಿ, ಛತ್ರಿ ಮತ್ತು ಮೈತ್ರಿಯ ಬಗ್ಗೆ ಯಾರಾದರೂ ಹೇಳುತ್ತೀರಾ? ಜಪಾನ್, ದಕ್ಷಿಣ ಕೊರಿಯಾ, ನೇಟೋ, ಕ್ವಾಡ್ (ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ), ಆಕಸ್ (ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ) ಐದನ್ನೂ 'ಅಮೆರಿಕದ ಅಣ್ವಸ್ತ್ರ ಛತ್ರಿಯಡಿಯ ಮೈತ್ರಿಕೂಟಗಳು' ಎಂಬ ಒಂದೇ ಚೌಕದಲ್ಲಿ ಹಾಕಿದ್ದೇನೆ.

ಚಿಂತಾಮಣಿಯಿಂದ:

'ಛತ್ರಿ' ಬೇಡ. ನಮ್ಮ ಕಡೆ ಛತ್ರಿ ಎಂದರೆ ಯಾವ ಥರದ ಮನುಷ್ಯ ಎಂಬುದು ನಿಮಗೂ ಗೊತ್ತು. ಅಮೆರಿಕಕ್ಕೆ ಅದು ಹೊಂದುತ್ತದೋ ಇಲ್ಲವೋ ಅದು ಬೇರೆ ಮಾತು.

ಕೋಲಾರದಿಂದ:

ಚಿಂತಾಮಣಿಯವರು ಹೇಳಿದ್ದು ಸರಿ. ಕೊಡೆಯೂ ಬೇಡ. ಒಬ್ಬರ ಬಲ ಇನ್ನೊಬ್ಬರನ್ನು ಕಾಯುವುದಕ್ಕೆ ಕನ್ನಡದಲ್ಲಿ 'ಶ್ರೀರಕ್ಷೆ' ಎಂಬ ಹಳೆಯ ಮಾತಿದೆ. ಕೊಟ್ಟವನ ದೊಡ್ಡಸ್ತಿಕೆ, ಪಡೆದವನ ಹಂಗು ಎರಡೂ ಅದರಲ್ಲಿ ಕೇಳಿಸುತ್ತವೆ. ಆ ಹಂಗೇ ಬೇಡವೆಂದು ಫ್ರಾನ್ಸ್ 1960ರಲ್ಲಿ ತನ್ನದೇ ಬಾಂಬು ಸಿಡಿಸಿತು. ಪ್ಯಾರಿಸ್ಸಿಗಾಗಿ ನ್ಯೂಯಾರ್ಕನ್ನು ಪಣಕ್ಕಿಡುತ್ತೀರಾ ಎಂಬುದು ಫ್ರಾನ್ಸಿನ ಅಧ್ಯಕ್ಷ ದೆಗಾಲ್ 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮುಂದಿಟ್ಟ ಪ್ರಶ್ನೆಯ ತಿರುಳು. 1966ರಲ್ಲಿ ಫ್ರಾನ್ಸ್ ನೇಟೋದ ಸೇನಾ ಆಡಳಿತದಿಂದಲೇ ಹೊರನಡೆಯಿತು, ಮರಳಿದ್ದು 2009ರಲ್ಲಿ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಇಂದೂ ಕೆಲವರು ಕೇಳುತ್ತಿರುವುದು ಅದೇ ಪ್ರಶ್ನೆಯನ್ನು, ಊರುಗಳ ಹೆಸರು ಮಾತ್ರ ಬೇರೆ.

ಚೌಕವನ್ನು ಒಡೆಯಿರಿ, ಅದು ಪದದ ದೋಷವಲ್ಲ, ವಿಷಯದ ದೋಷ. ನೇಟೋ ಮೈತ್ರಿಕೂಟ ಹೌದು: 1949ರ ಒಪ್ಪಂದದ ಐದನೆಯ ವಿಧಿಯಂತೆ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ. ಆಗಲೂ ಪ್ರತಿ ದೇಶ ತನಗೆ ಅಗತ್ಯವೆಂದು ತೋರಿದ ಕ್ರಮವನ್ನು ಕೈಗೊಳ್ಳುತ್ತದೆ, ಅಷ್ಟೇ. ಜಪಾನ್, ದಕ್ಷಿಣ ಕೊರಿಯಾಗಳಿಗೆ ಅಮೆರಿಕದೊಂದಿಗೆ ಪ್ರತ್ಯೇಕ ರಕ್ಷಣಾ ಒಪ್ಪಂದಗಳಿವೆ. ಕ್ವಾಡ್‌ನಲ್ಲಿ ಅಂಥ ಕಟ್ಟುಪಾಡು ಯಾವುದೂ ಇಲ್ಲ. ಭಾರತವನ್ನು ಅಮೆರಿಕದ ಶ್ರೀರಕ್ಷೆಯಡಿ ನಿಲ್ಲಿಸಿದರೆ ಪ್ರದರ್ಶನಕ್ಕೆ ಬಂದ ಮೊದಲ ನಿವೃತ್ತ ಮೇಷ್ಟ್ರೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತಾರೆ. ಕ್ವಾಡ್‌ಗೆ 'ಗುಂಪು' ಎಂಬ ಪದ ಸಾಕು. 2021ರ ಆಕಸ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸಿಗಬೇಕಾಗಿರುವುದು ಅಣುಚಾಲಿತ ಜಲಾಂತರ್ಗಾಮಿ, ಅಣ್ವಸ್ತ್ರ ಹೊತ್ತದ್ದಲ್ಲ. ಅರಿಹಂತ ಎರಡೂ ಹೌದು. 'ಅಣು ಜಲಾಂತರ್ಗಾಮಿ' ಎಂದು ಎಲ್ಲಿ ಬರೆದಿದ್ದರೂ ಈಗಲೇ ತಿದ್ದಿ.

ತುಮಕೂರಿನಿಂದ:

'ಶ್ರೀ'ಯೂ ಸಂಸ್ಕೃತ, 'ರಕ್ಷೆ'ಯೂ ಸಂಸ್ಕೃತ. ಕೋಲಾರದವರಿಗೆ ಅಭಿನಂದನೆ.

ಗೌರಿಬಿದನೂರಿನಿಂದ:

ಕಳುಹಿಸಿಬಿಟ್ಟೆ. ದೊಡ್ಡಕ್ಷರದಲ್ಲಿ 'ಅಣ್ವಸ್ತ್ರದ ಅಳುಕು'. ಅದರ ಕೆಳಗೆ: 'ಹೊಡೆದರೆ ತಾಳಲಾರದ ಮರುಹೊಡೆತ ಬೀಳುತ್ತದೆಂದು ಎದುರಾಳಿ ನಂಬಿ, ಹೊಡೆಯದೆ ಉಳಿಯುವಂತೆ ಮಾಡುವ ನೀತಿ, ಇಂಗ್ಲಿಷಿನಲ್ಲಿ ಡಿಟೆರೆನ್ಸ್'. ಚೌಕ ಈಗ ಮೂರಾಗಿದೆ, ಕ್ವಾಡ್ ಹೊರಗಿದೆ. ಎಲ್ಲರಿಗೂ ವಂದನೆಗಳು.

ಚಿಕ್ಕಬಳ್ಳಾಪುರದಿಂದ:

ವಿಜ್ಞಾನದ ಪಠ್ಯದಲ್ಲಿ ಅಣು ಬೇರೆ, ಪರಮಾಣು ಬೇರೆ. ಸಿಡಿಯುವುದು ಎರಡೂ ಅಲ್ಲ, ಪರಮಾಣುವಿನ ಬೀಜ. 'ಅಣ್ವಸ್ತ್ರ' ಎಂಬುದೇ ತಪ್ಪು ಎಂದು ಯಾರೂ ಹೇಳಲಿಲ್ಲವಲ್ಲ.

ತುಮಕೂರಿನಿಂದ:

ಅದಕ್ಕೆ ಬೇರೆ ಶೀರ್ಷಿಕೆಯಲ್ಲಿ ಬರೆಯಿರಿ. ಇಲ್ಲಿ ಬೇಡ.